ಎಲೆ ಒಂದೇ, ಪಣ ನಾಲ್ಕು ಬಗೆ

2003ರ ಮೇ ತಿಂಗಳು. ಲಾಸ್ ವೇಗಸ್‌ನ ಬಿನಿಯನ್ಸ್ ಹಾರ್ಸ್‌ಶೂ ಕ್ಯಾಸಿನೊದಲ್ಲಿ ವರ್ಲ್ಡ್ ಸೀರೀಸ್ ಆಫ್ ಪೋಕರ್‌ನ ಮುಖ್ಯ ಸ್ಪರ್ಧೆ ಕೊನೆಯ ಘಟ್ಟಕ್ಕೆ ಬಂದಿತ್ತು. ಕಣಕ್ಕಿಳಿದಿದ್ದ 839 ಮಂದಿಯಲ್ಲಿ ಉಳಿದವರು ಇಬ್ಬರೇ. ಒಬ್ಬರು ಸ್ಯಾಮಿ ಫರ್ಹಾ, ಪೋಕರ್‌ನಲ್ಲೇ ಹೊಟ್ಟೆ ಹೊರೆಯುವ ಪಳಗಿದ ಆಟಗಾರ. ಇನ್ನೊಬ್ಬರು ಕ್ರಿಸ್ ಮನಿಮೇಕರ್, ಟೆನೆಸ್ಸಿಯ ಅಕೌಂಟೆಂಟ್. 86 ಡಾಲರ್ ಕಟ್ಟಿ ಆನ್‌ಲೈನ್ ಅರ್ಹತಾ ಸ್ಪರ್ಧೆ ಗೆದ್ದು, 10,000 ಡಾಲರ್ ಪ್ರವೇಶ ಶುಲ್ಕದ ಈ ಸ್ಪರ್ಧೆಗೆ ಬಂದವರು.

ಮೇಜಿನ ಮೇಲೆ ಐದು ಎಲೆ ತೆರೆದಿವೆ: ಒಂಬತ್ತು, ಎರಡು, ಆರು, ಎಂಟು, ಮೂರು. ಫರ್ಹಾ ಕೈಯಲ್ಲಿ ಒಂದು ರಾಣಿ, ಒಂದು ಒಂಬತ್ತು. ಅಂದರೆ ಅವರಿಗೆ ಒಂಬತ್ತರ ಜೋಡಿ ಕೂಡಿದೆ. ಮನಿಮೇಕರ್ ಕೈಯಲ್ಲಿ ಇರುವುದು ರಾಜ ಮತ್ತು ಏಳು. ಸಾಲು, ಅಂದರೆ ಒಂದರ ಹಿಂದೊಂದು ಬರುವ ಐದು ಎಲೆ, ಕೂಡಬಹುದಿತ್ತು, ಕೂಡಲಿಲ್ಲ. ಕಲರ್, ಅಂದರೆ ಒಂದೇ ಜಾತಿಯ ಐದು ಎಲೆ, ಆಗಬಹುದಿತ್ತು, ಆಗಲಿಲ್ಲ. ಒಂದು ಜೋಡಿಯೂ ಇಲ್ಲದ ಆ ಕೈಯನ್ನು ಹಿಡಿದುಕೊಂಡೇ ಅವರು ತಮ್ಮ ಮುಂದಿದ್ದ ಚಿಪ್‌ಗಳನ್ನೆಲ್ಲ ಪಣಕ್ಕೆ ತಳ್ಳಿದರು. ಫರ್ಹಾ ಹೊತ್ತು ತೆಗೆದುಕೊಂಡು ಯೋಚಿಸಿದರು, ಕೊನೆಗೆ ಗೆಲ್ಲುವ ಎಲೆಯನ್ನೇ ಎಸೆದುಬಿಟ್ಟರು. ಅಲ್ಲಿಂದ ಸ್ವಲ್ಪ ಹೊತ್ತಿಗೆ ಸ್ಪರ್ಧೆಯೂ 25 ಲಕ್ಷ ಡಾಲರ್ ಬಹುಮಾನವೂ ಮನಿಮೇಕರ್ ಪಾಲಾದವು.

ಈ ಒಂದು ಬ್ಲಫ್ ಬಗ್ಗೆ ಪೋಕರ್ ಲೋಕ ಇಂದಿಗೂ ಮಾತಾಡುತ್ತದೆ. ಮನಿಮೇಕರ್ ಗುಂಡಿಗೆಯ ಬಗ್ಗೆ, ಫರ್ಹಾ ಮಾಡಿದ ಲೆಕ್ಕದ ಬಗ್ಗೆ ಬೇಕಾದಷ್ಟು ಚರ್ಚೆಯಾಗಿದೆ. ಆದರೆ ಆ ಘಳಿಗೆಯನ್ನು ಸಾಧ್ಯವಾಗಿಸಿದ್ದು ಗುಂಡಿಗೆಗಿಂತ ಮೊದಲು ಒಂದು ನಿಯಮ: ಅಂದು ನಡೆಯುತ್ತಿದ್ದುದು ನೋ-ಲಿಮಿಟ್ ಆಟ. ಅದೇ ಇಬ್ಬರು, ಅದೇ ಎಲೆ, ಆದರೆ ಒಮ್ಮೆಗೆ ಇಷ್ಟೇ ಪಣ ಎಂಬ ಕಟ್ಟಳೆ ಇದ್ದಿದ್ದರೆ ಮನಿಮೇಕರ್ ಎಷ್ಟು ಗಟ್ಟಿ ಎದೆಯವರಾಗಿದ್ದರೂ ಫರ್ಹಾರನ್ನು ಹೆದರಿಸಲು ಆಗುತ್ತಿರಲಿಲ್ಲ. ನಡುವೆ ಬೆಳೆದು ನಿಂತ ಮೊತ್ತದ ಮುಂದೆ ಆ ಒಂದು ಪಣ ಪುಡಿಗಾಸು. ಫರ್ಹಾ ಕಣ್ಣುಮುಚ್ಚಿ ಕಟ್ಟಿ ನೋಡಿಬಿಡುತ್ತಿದ್ದರು.

ಪೋಕರ್ ಕಲಿಯುವವರು ಮೊದಲು ಕಲಿಯುವುದು ಯಾವ ಎಲೆಗೆ ಯಾವ ಎಲೆ ದೊಡ್ಡದು ಎಂಬುದನ್ನು. ಅದು ಅರ್ಧ ಗಂಟೆಯ ಕೆಲಸ. ಪಣ ಕಟ್ಟುವ ಬಗೆ ಬದಲಾದರೆ ಆಟವೇ ಬದಲಾಗುತ್ತದೆ ಎಂಬುದನ್ನು ಅರಿಯಲು ಮಾತ್ರ ಬಹಳ ಕಾಲ ಬೇಕಾಗುತ್ತದೆ, ಅದೂ ಹಲವರಿಗೆ ಕೈ ಸುಟ್ಟುಕೊಂಡ ಮೇಲೆಯೇ. ನಾಲ್ಕು ಬಗೆಗಳಿವೆ: ಫಿಕ್ಸೆಡ್ ಲಿಮಿಟ್, ನೋ-ಲಿಮಿಟ್, ಪಾಟ್ ಲಿಮಿಟ್ ಮತ್ತು ಸ್ಪ್ರೆಡ್ ಲಿಮಿಟ್. ಒಂದೊಂದಾಗಿ ನೋಡೋಣ.

ಬಲವಂತದ ಪಣ

ಅದಕ್ಕೆ ಮೊದಲು ಆಟದ ನಡೆ ಗೊತ್ತಿರಬೇಕು. ಇಂದು ಹೆಚ್ಚು ಚಾಲ್ತಿಯಲ್ಲಿರುವ ಟೆಕ್ಸಾಸ್ ಹೋಲ್ಡೆಮ್‌ನಲ್ಲಿ ಪ್ರತಿಯೊಬ್ಬರಿಗೂ ಎರಡು ಎಲೆ ಮುಚ್ಚಿ ಹಂಚುತ್ತಾರೆ. ಆಮೇಲೆ ಮೇಜಿನ ನಡುವೆ ಎಲ್ಲರಿಗೂ ಸೇರಿದ ಐದು ಎಲೆ ತೆರೆಯುತ್ತಾರೆ: ಮೊದಲು ಮೂರು, ಬಳಿಕ ಒಂದು, ಕೊನೆಗೆ ಇನ್ನೊಂದು. ಕೈಯ ಎರಡು, ನಡುವಿನ ಐದು, ಒಟ್ಟು ಏಳರಲ್ಲಿ ಯಾರಿಗೆ ಐದು ಎಲೆಯ ಒಳ್ಳೆಯ ಕೂಟ ಕೂಡುತ್ತದೋ ಅವರಿಗೆ ಗೆಲುವು. ಎಲೆ ಹಂಚಿದ ಕೂಡಲೇ ಒಂದು, ಪ್ರತಿ ಸಲ ಎಲೆ ತೆರೆದ ಮೇಲೆ ಒಂದೊಂದು, ಹೀಗೆ ನಾಲ್ಕು ಸುತ್ತು ಪಣ ನಡೆಯುತ್ತದೆ. ಪ್ರತಿ ಸುತ್ತಿನಲ್ಲೂ ಆಟಗಾರನ ಮುಂದಿರುವ ದಾರಿಗಳು ಕೆಲವೇ: ಎದುರಾಳಿಯ ಪಣಕ್ಕೆ ಸಮ ಕಟ್ಟುವುದು, ಪಣ ಏರಿಸುವುದು, ಎಲೆ ಎಸೆದು ಆಚೆ ಹೋಗುವುದು, ಇನ್ನೂ ಯಾರೂ ಕಟ್ಟಿಲ್ಲದಿದ್ದರೆ ಸುಮ್ಮನೆ ಮುಂದಿನವರಿಗೆ ಬಿಡುವುದು. ಹೀಗೆ ನಡುವೆ ಸೇರುವ ಮೊತ್ತಕ್ಕೆ ಪಾಟ್ ಎನ್ನುತ್ತಾರೆ.

ಎಲೆ ನೋಡುವ ಮೊದಲೇ ಕೆಲವರು ಪಣ ಇಡಲೇಬೇಕು. ಹೋಲ್ಡೆಮ್‌ನಲ್ಲಿ ಅದು ಸ್ಮಾಲ್ ಬ್ಲೈಂಡ್, ಬಿಗ್ ಬ್ಲೈಂಡ್ ಎಂದು ಇಬ್ಬರ ಪಾಳಿ. ಪ್ರತಿ ಕೈಗೂ ಈ ಪಾಳಿ ಮುಂದಿನವರಿಗೆ ಸರಿಯುತ್ತದೆ. ಇನ್ನು ಕೆಲವು ಆಟಗಳಲ್ಲಿ ಎಲ್ಲರೂ ಒಂದಿಷ್ಟು ಇಡಬೇಕು, ಅದಕ್ಕೆ ಆಂಟಿ ಎಂದು ಹೆಸರು. ನಮ್ಮಲ್ಲಿ ಯುಗಾದಿಗೂ ದೀಪಾವಳಿಗೂ ಮೂರೆಲೆ ಆಡುವವರು ಮೊದಲಿಗೆ ಹಾಕುವ ಬೂಟ್ ಇದೇ.

ಈ ಬಲವಂತ ಯಾಕೆ? ಹೋಲ್ಡೆಮ್‌ನಲ್ಲಿ ಎಕ್ಕದ ಜೋಡಿ ಕೈಗೆ ಬರುವುದು 221 ಸಲಕ್ಕೆ ಒಮ್ಮೆ. ಬ್ಲೈಂಡ್ ಇಲ್ಲದಿದ್ದರೆ ಬುದ್ಧಿವಂತರಾದವರು ಆ ಒಂದು ಕೈಗಾಗಿ ಕಾದು ಕೂತು ಉಳಿದ 220 ಸಲ ಎಲೆ ಎಸೆಯುತ್ತಾರೆ. ಎಲ್ಲರೂ ಹಾಗೇ ಮಾಡಿದರೆ ಆಟವೇ ನಡೆಯುವುದಿಲ್ಲ. ಬ್ಲೈಂಡ್ ಇದ್ದರೆ ಕಾಯುವುದಕ್ಕೂ ಬೆಲೆ ತೆರಬೇಕು. ನಡುವೆ ಗೆಲ್ಲಲು ಏನೋ ಇದೆ, ಸುಮ್ಮನೆ ಕೂತರೆ ಕೈಯಲ್ಲಿದ್ದುದು ಕರಗುತ್ತದೆ. ಪೋಕರ್‌ನ ಜಗಳವೆಲ್ಲ ಶುರುವಾಗುವುದು ಈ ಪುಟ್ಟ ಮೊತ್ತದಿಂದ. ಟೂರ್ನಿಗಳಲ್ಲಂತೂ ನಿಗದಿತ ಹೊತ್ತಿಗೊಮ್ಮೆ ಬ್ಲೈಂಡ್ ಏರುತ್ತ ಹೋಗುತ್ತದೆ. ಬೆಳಿಗ್ಗೆ ಬೆಟ್ಟದಂತೆ ಕಂಡ ಚಿಪ್ ರಾಶಿ ಒಂದನ್ನೂ ಸೋಲದಿದ್ದರೂ ರಾತ್ರಿ ಹೊತ್ತಿಗೆ ಅಲ್ಪವಾಗಿರುತ್ತದೆ. ಸ್ಪರ್ಧೆಗೆ ಒಂದು ಕೊನೆ ಕಾಣಿಸಲು ಇದೇ ಉಪಾಯ.

ಅಳೆದು ಕಟ್ಟುವ ಆಟ

ಫಿಕ್ಸೆಡ್ ಲಿಮಿಟ್‌ನಲ್ಲಿ ಎಷ್ಟು ಕಟ್ಟಬೇಕು ಎಂದು ಆಟಗಾರ ಯೋಚಿಸುವ ಹಾಗೇ ಇಲ್ಲ. 10-20ರ ಮೇಜು ಎಂದರೆ ಮೊದಲ ಎರಡು ಸುತ್ತಿನಲ್ಲಿ ಪಣ 10 ಚಿಪ್, ಕೊನೆಯ ಎರಡು ಸುತ್ತಿನಲ್ಲಿ 20. ಏರಿಸುವುದಾದರೂ ಅಷ್ಟಷ್ಟೇ. ಏರಿಸುವುದಕ್ಕೂ ಕಡಿವಾಣವಿದೆ: ಸಾಮಾನ್ಯವಾಗಿ ಒಂದು ಸುತ್ತಿನಲ್ಲಿ ಒಂದು ಪಣ, ಅದರ ಮೇಲೆ ಮೂರು ಏರಿಕೆ. ಇಬ್ಬರೇ ಉಳಿದಾಗ ಕೆಲವು ಕ್ಲಬ್‌ಗಳು ಈ ಕಡಿವಾಣ ಸಡಿಲಿಸುತ್ತವೆ. 2003ರವರೆಗೆ ಅಮೆರಿಕದ ಕಾರ್ಡ್ ರೂಮ್‌ಗಳಲ್ಲಿ ದಿನನಿತ್ಯ ನಡೆಯುತ್ತಿದ್ದುದು ಹೆಚ್ಚಾಗಿ ಈ ಬಗೆಯ ಆಟವೇ.

ಇದರ ಗುಣ ತಿಳಿಯಲು ಒಂದು ಕೈಯನ್ನು ಹತ್ತಿರದಿಂದ ನೋಡಬೇಕು. ನಿಮ್ಮ ಕೈಯಲ್ಲಿ ಎರಡು ಆಟೀನ್ ಎಲೆ ಇವೆ. ಮೇಜಿನ ಮೇಲೆ ನಾಲ್ಕು ಎಲೆ ತೆರೆದಿವೆ, ಅವುಗಳಲ್ಲಿ ಎರಡು ಆಟೀನ್. ಇನ್ನೊಂದು ಎಲೆ ಬರಬೇಕಿದೆ. ಅದು ಆಟೀನ್ ಆದರೆ ನಿಮಗೆ ಕಲರ್, ಗೆಲುವು ಬಹುತೇಕ ಖಚಿತ. ಆಗದಿದ್ದರೆ ಸೋಲು. ನಿಮ್ಮ ಕಣ್ಣಿಗೆ ಬೀಳದ ಎಲೆ 46. ಅವುಗಳಲ್ಲಿ ಆಟೀನ್ ಒಂಬತ್ತು. ಅಂದರೆ ಒಂಬತ್ತು ಸಲ ಗೆಲ್ಲುತ್ತೀರಿ, 37 ಸಲ ಸೋಲುತ್ತೀರಿ. ಗೆಲುವಿಗೆ ಸೋಲು ನಾಲ್ಕು ಪಟ್ಟಿಗಿಂತ ಚೂರು ಹೆಚ್ಚು.

ಮೊದಲು 10-20ರ ಫಿಕ್ಸೆಡ್ ಲಿಮಿಟ್ ಮೇಜು. ಮೊದಲ ಸುತ್ತಿನಲ್ಲಿ ಯಾರೋ ಒಮ್ಮೆ ಏರಿಸಿದ್ದರಿಂದ ನಾಲ್ವರು ತಲಾ 20 ಹಾಕಿದ್ದಾರೆ, 80. ಎರಡನೇ ಸುತ್ತಿನಲ್ಲಿ ಇಬ್ಬರು ಉಳಿದು ತಲಾ 10 ಹಾಕಿದ್ದಾರೆ. ಪಾಟ್ 100. ಈಗ ಎದುರಾಳಿ 20 ಕಟ್ಟುತ್ತಾನೆ. ಬೇರೆ ಮೊತ್ತ ಕಟ್ಟಲು ಅವನಿಗೆ ಅವಕಾಶವೇ ಇಲ್ಲ. ನೀವು 20 ಕೊಟ್ಟರೆ ಸಿಗಬಹುದಾದದ್ದು 120, ಅಂದರೆ ಆರು ಪಟ್ಟು. ಇದೇ ಸಂದರ್ಭ 46 ಸಲ ಬಂದರೆ 37 ಸಲ 20ರಂತೆ 740 ಕಳೆದುಕೊಳ್ಳುತ್ತೀರಿ, ಒಂಬತ್ತು ಸಲ 120ರಂತೆ 1,080 ಗಳಿಸುತ್ತೀರಿ. ಲಾಭ 340. ಇಲ್ಲಿ ಎಲೆ ಎಸೆಯುವವನು ದಡ್ಡ.

ಈಗ ನೋ-ಲಿಮಿಟ್ ಮೇಜಿಗೆ ಬನ್ನಿ. ಎಲೆ ಅವೇ, ಪಾಟ್ ಅದೇ 100. ಎದುರಾಳಿ ಈ ಬಾರಿ ತನ್ನ ಇಷ್ಟದಂತೆ 100 ಕಟ್ಟುತ್ತಾನೆ. ನೀವು 100 ಕೊಟ್ಟರೆ ಸಿಗಬಹುದಾದದ್ದು 200, ಎರಡೇ ಪಟ್ಟು. 46 ಸಲದ ಲೆಕ್ಕದಲ್ಲಿ 3,700 ನಷ್ಟ, 1,800 ಗಳಿಕೆ. ಒಟ್ಟು 1,900 ಕೈಬಿಡುತ್ತದೆ. ಇಲ್ಲಿ ಕಟ್ಟುವವನು ದಡ್ಡ. ಕಲರ್ ಕೂಡಿದ ಮೇಲೆ ಕೊನೆಯ ಸುತ್ತಿನಲ್ಲಿ ಎದುರಾಳಿಯಿಂದ ಇನ್ನಷ್ಟು ಕೀಳಬಹುದು ಎಂಬ ನಂಬಿಕೆ ಗಟ್ಟಿಯಾಗಿದ್ದರೆ ಮಾತ್ರ ಲೆಕ್ಕ ಸ್ವಲ್ಪ ತಿರುಗೀತು.

ಒಂದೇ ಎಲೆ, ಒಂದೇ ಆಸೆ. ಒಂದು ಮೇಜಿನಲ್ಲಿ ಸರಿಯಾದ ನಡೆ ಇನ್ನೊಂದರಲ್ಲಿ ತಪ್ಪು. ಫಿಕ್ಸೆಡ್ ಲಿಮಿಟ್‌ನಲ್ಲಿ ಎದುರಾಳಿಯನ್ನು ಓಡಿಸುವುದು ಕಷ್ಟ, ಏಕೆಂದರೆ ಅವನು ಉಳಿಯುವುದಕ್ಕೆ ತೆರಬೇಕಾದ ಬೆಲೆಯನ್ನು ನೀವು ನಿಗದಿ ಮಾಡುವಂತಿಲ್ಲ. ಹಾಗಾಗಿ ಹಲವರು ಕೊನೆಯ ಎಲೆವರೆಗೂ ಉಳಿಯುತ್ತಾರೆ, ಬ್ಲಫ್ ಕಡಿಮೆ, ಗೆಲುವು ಚೂರುಚೂರಾಗಿ ಬರುತ್ತದೆ. ಒಳ್ಳೆಯ ಎಲೆಗೆ ಒಂದು ಪಣ ಹೆಚ್ಚು ಗಳಿಸುವುದು, ಕೆಟ್ಟ ಎಲೆಗೆ ಒಂದು ಪಣ ಉಳಿಸುವುದು, ಇದನ್ನೇ ಸಾವಿರಾರು ಸಲ ಬೇಸರಿಸದೆ ಮಾಡುವವನ ಆಟ ಇದು.

ಮಿತಿ ಎಂಬ ಹೆಸರು ಕೇಳಿ ಇದು ಸಣ್ಣ ಆಟ ಎಂದುಕೊಳ್ಳುವಂತಿಲ್ಲ. ಡಲ್ಲಾಸ್‌ನ ಬ್ಯಾಂಕ್ ಮಾಲೀಕ ಆಂಡಿ ಬೀಲ್ 2001ರಿಂದ ಕೆಲವು ವರ್ಷ ಲಾಸ್ ವೇಗಸ್‌ನ ಬೆಲಾಜಿಯೊದಲ್ಲಿ ವೃತ್ತಿಪರರ ತಂಡದೊಂದಿಗೆ ಒಬ್ಬರಿಗೊಬ್ಬರಂತೆ ಆಡಿದ್ದು ಫಿಕ್ಸೆಡ್ ಲಿಮಿಟ್ ಹೋಲ್ಡೆಮ್. ಅವರ ಉಪಾಯ ಸರಳ: ಪಣದ ಅಳತೆಯನ್ನೇ ವೃತ್ತಿಪರರ ಕೈಗೆಟುಕದಷ್ಟು ಎತ್ತರಕ್ಕೆ ಒಯ್ದರೆ ಅವರ ನೆಮ್ಮದಿ ಕೆಡುತ್ತದೆ. 2004ರಲ್ಲಿ ಅದು 1 ಲಕ್ಷ - 2 ಲಕ್ಷ ಡಾಲರ್‌ಗೆ ಮುಟ್ಟಿತು. ವೃತ್ತಿಪರರು ಹಣ ಒಟ್ಟು ಹಾಕಿ ಸರದಿಯ ಮೇಲೆ ಕೂರಬೇಕಾಯಿತು. 2006ರ ಫೆಬ್ರುವರಿಯಲ್ಲಿ ಆ ತಂಡದ ಫಿಲ್ ಐವಿ ಮೂರು ದಿನದಲ್ಲಿ ಬೀಲ್‌ರಿಂದ 1.6 ಕೋಟಿ ಡಾಲರ್‌ಗೂ ಹೆಚ್ಚು ಗೆದ್ದರು. ಮಿತಿ ಕಟ್ಟಿಹಾಕುವುದು ಒಂದು ಪಣವನ್ನು. ಒಂದು ರಾತ್ರಿಯ ಸೋಲನ್ನಲ್ಲ.

ಮೇಜಿನ ಮೇಲಿದ್ದಷ್ಟೇ

ನೋ-ಲಿಮಿಟ್‌ನಲ್ಲಿ ಯಾವ ಸುತ್ತಿನಲ್ಲಾದರೂ ಮುಂದಿರುವ ಎಲ್ಲ ಚಿಪ್ ತಳ್ಳಬಹುದು. ಕನಿಷ್ಠಕ್ಕೆ ಮಾತ್ರ ನಿಯಮವಿದೆ: ಏರಿಸುವುದಾದರೆ ಹಿಂದಿನ ಏರಿಕೆಯಷ್ಟಾದರೂ ಏರಿಸಬೇಕು. ಒಬ್ಬರು 50 ಕಟ್ಟಿದರು, ಇನ್ನೊಬ್ಬರು ಅದನ್ನು 150ಕ್ಕೆ ಒಯ್ದರು, ಏರಿಕೆ 100. ಮೂರನೆಯವರು ಏರಿಸುವುದಾದರೆ 250ಕ್ಕೆ ಕಡಿಮೆ ಇಲ್ಲ.

ನೋ-ಲಿಮಿಟ್ ಎಂದರೆ ಮಿತಿಯೇ ಇಲ್ಲ ಎಂದು ಹೊರಗಿನವರು ತಿಳಿಯುತ್ತಾರೆ. ಸಿನಿಮಾಗಳೂ ಹಾಗೇ ತೋರಿಸುತ್ತವೆ: ಚಿಪ್ ಮುಗಿದವನು ಕಾರಿನ ಕೀಲಿ ಎಸೆಯುತ್ತಾನೆ, ಮನೆಪತ್ರ ಬರೆದುಕೊಡುತ್ತಾನೆ. ನಿಜವಾದ ಕಾರ್ಡ್ ರೂಮ್‌ನಲ್ಲಿ ಇದು ನಡೆಯುವುದಿಲ್ಲ. ಎಲ್ಲ ಬಗೆಯ ಪೋಕರ್‌ಗೂ ಅಡಿಪಾಯವಾದ ಒಂದು ನಿಯಮವಿದೆ, ಟೇಬಲ್ ಸ್ಟೇಕ್ಸ್. ಎಲೆ ಹಂಚುವ ಹೊತ್ತಿಗೆ ನಿಮ್ಮ ಮುಂದೆ ಎಷ್ಟು ಚಿಪ್ ಇದ್ದವೋ ಆ ಕೈಗೆ ಅಷ್ಟೇ ನಿಮ್ಮ ಬಂಡವಾಳ. ನಡುವೆ ಜೇಬಿಗೆ ಕೈ ಹಾಕುವಂತಿಲ್ಲ. ಗೆದ್ದ ಚಿಪ್ಪನ್ನು ಮೆಲ್ಲಗೆ ಜೇಬಿಗಿಳಿಸುವಂತೆಯೂ ಇಲ್ಲ.

ಎದುರಾಳಿ ನಿಮ್ಮಲ್ಲಿರುವುದಕ್ಕಿಂತ ಹೆಚ್ಚು ಕಟ್ಟಿದರೆ? ನೀವು ಇದ್ದಷ್ಟನ್ನು ಹಾಕಿ ಉಳಿಯಬಹುದು. ಕಟ್ಟಲು ದುಡ್ಡಿಲ್ಲವೆಂದು ನಿಮ್ಮನ್ನು ಆಚೆ ತಳ್ಳುವಂತಿಲ್ಲ. ಇದೇ ಆಲ್ ಇನ್. ಒಬ್ಬರ ಬಳಿ 100, ಇನ್ನೊಬ್ಬರ ಬಳಿ 300, ಮತ್ತೊಬ್ಬರ ಬಳಿ 500 ಚಿಪ್ ಇದ್ದು ಮೂವರೂ ಎಲ್ಲವನ್ನೂ ತಳ್ಳಿದರು ಎನ್ನಿ. ಡೀಲರ್ ಮೂವರಿಂದಲೂ ತಲಾ 100 ತೆಗೆದು 300ರ ಮುಖ್ಯ ಪಾಟ್ ಮಾಡುತ್ತಾನೆ. ಅದಕ್ಕೆ ಮೂವರೂ ಹಕ್ಕುದಾರರು. ಉಳಿದ ಇಬ್ಬರಿಂದ ತಲಾ 200 ಸೇರಿಸಿ 400ರ ಪಕ್ಕದ ಪಾಟ್. ಅದು ಆ ಇಬ್ಬರ ನಡುವಿನದು. ಮೂರನೆಯವರ ಮಿಕ್ಕ 200 ಅವರಿಗೇ ವಾಪಸ್. 100 ಚಿಪ್ ಇದ್ದವರ ಎಲೆ ಎಲ್ಲರದಕ್ಕಿಂತ ದೊಡ್ಡದಾದರೂ ಅವರಿಗೆ ದಕ್ಕುವುದು 300 ಮಾತ್ರ. ಎಷ್ಟು ಪಣಕ್ಕಿಟ್ಟರೋ ಪ್ರತಿಯೊಬ್ಬ ಎದುರಾಳಿಯಿಂದ ಅಷ್ಟೇ ಗೆಲ್ಲಬಹುದು.

ಈ ನಿಯಮದ ಬೆಲೆ ನಮಗೆ ಬೇರೆ ಯಾರಿಗಿಂತ ಚೆನ್ನಾಗಿ ಅರ್ಥವಾಗಬೇಕು. ಹಸ್ತಿನಾವತಿಯ ಸಭೆಯಲ್ಲಿ ಧರ್ಮರಾಯ ಆಡಿದ್ದು ಮಿತಿಯಿಲ್ಲದ ಪಣದ ಆಟ, ಆದರೆ ಟೇಬಲ್ ಸ್ಟೇಕ್ಸ್ ಇಲ್ಲದ ಆಟ. ಒಡವೆ ಹೋಯಿತು, ರಾಜ್ಯ ಹೋಯಿತು. ಅಲ್ಲಿಗೆ ಹಾಸಿನ ಮೇಲಿಡಲು ಅವನ ಬಳಿ ಏನೂ ಉಳಿದಿರಲಿಲ್ಲ, ಎದ್ದು ಬರಬೇಕಿತ್ತು. ಆಟದ ನಡುವೆಯೇ ಹೊಸ ಪಣ ತರಬಹುದು ಎಂದು ಒಪ್ಪಿದ್ದರಿಂದ ತಮ್ಮಂದಿರು ಬಂದರು, ತಾನೇ ಬಂದ, ಕೊನೆಗೆ ದ್ರೌಪದಿ. ಶಕುನಿಯ ದಾಳದ ಮೋಸದ ಬಗ್ಗೆ ನಾವು ತಲೆಮಾರುಗಳಿಂದ ಮಾತಾಡುತ್ತೇವೆ. ಪಣಕ್ಕೆ ಗಡಿ ಹಾಕದೆ ಕೂತದ್ದು ಅದಕ್ಕಿಂತ ಸಣ್ಣ ಅನಾಹುತವಲ್ಲ. ದಾಳ ನೆಟ್ಟಗಿದ್ದರೂ ಸೋಲು ಒಂದು ದಿನ ಬರುತ್ತದೆ. ಅದು ಎಲ್ಲಿಗೆ ನಿಲ್ಲಬೇಕು ಎಂದು ಹೇಳುವುದು ಪಣದ ನಿಯಮ.

ಟೇಬಲ್ ಸ್ಟೇಕ್ಸ್‌ನ ಆವರಣದೊಳಗೆ ನೋ-ಲಿಮಿಟ್ ಬೆಳೆದದ್ದು ಟಿವಿಯ ಜೊತೆಗೆ. ವರ್ಲ್ಡ್ ಸೀರೀಸ್‌ನ ಮುಖ್ಯ ಸ್ಪರ್ಧೆ 1971ರಿಂದಲೂ ನೋ-ಲಿಮಿಟ್ ಹೋಲ್ಡೆಮ್‌ನದೇ. ಆದರೆ ಆಟಗಾರರ ಮುಚ್ಚಿದ ಎಲೆಯನ್ನು ನೋಡುಗರಿಗೆ ತೋರಿಸುವ ಕ್ಯಾಮೆರಾ ಬಂದ ಮೇಲೆ, ಒಂದೇ ತಳ್ಳಿಗೆ ಎಲ್ಲವೂ ಹೋಗುವ ಆಟ ಮನೆಮನೆಯ ರೋಚಕ ನಾಟಕವಾಯಿತು. ಮನಿಮೇಕರ್ ಗೆದ್ದ ವರ್ಷ 839 ಇದ್ದ ಸ್ಪರ್ಧಿಗಳು ಮರುವರ್ಷ 2,576, 2006ಕ್ಕೆ 8,773. ಇಯಾನ್ ಫ್ಲೆಮಿಂಗ್ 1953ರ ಕಾದಂಬರಿಯಲ್ಲಿ ಜೇಮ್ಸ್ ಬಾಂಡ್‌ನಿಂದ ಆಡಿಸಿದ್ದು ಬ್ಯಾಕರಾ. 2006ರಲ್ಲಿ ‘ಕ್ಯಾಸಿನೊ ರಾಯಲ್’ ಸಿನಿಮಾ ಬಂದಾಗ ಬಾಂಡ್ ನೋ-ಲಿಮಿಟ್ ಹೋಲ್ಡೆಮ್ ಆಡುತ್ತಿದ್ದ. ಅದೇ ವರ್ಷ ವರ್ಲ್ಡ್ ಸೀರೀಸ್‌ನಲ್ಲಿ ಐದು ಬಗೆಯ ಲಿಮಿಟ್ ಆಟಗಳನ್ನು ಸರದಿಯಂತೆ ಆಡುವ 50,000 ಡಾಲರ್ ಪ್ರವೇಶ ಶುಲ್ಕದ ಹೊಸ ಸ್ಪರ್ಧೆ ಇಟ್ಟರು. ದೊಡ್ಡ ದೊಡ್ಡ ವೃತ್ತಿಪರರನ್ನು ಅಳೆಯಲೆಂದೇ ಮಾಡಿದ ಆ ಸ್ಪರ್ಧೆಯ ಕೊನೆಯ ಮೇಜನ್ನು ಮಾತ್ರ ಟಿವಿಗಾಗಿ ನೋ-ಲಿಮಿಟ್ ಹೋಲ್ಡೆಮ್‌ಗೆ ತಿರುಗಿಸಿದರು.

ಪಾಟ್ ನೋಡಿ ಪಣ

ಪಾಟ್ ಲಿಮಿಟ್ ಈ ಎರಡರ ನಡುವಿನ ದಾರಿ. ಇಲ್ಲಿ ಗರಿಷ್ಠ ಪಣ ಎಂದರೆ ಆ ಹೊತ್ತಿಗೆ ಪಾಟ್‌ನಲ್ಲಿ ಇರುವಷ್ಟು. ಮೊದಲು ಕಟ್ಟುವವರಿಗೆ ಲೆಕ್ಕ ಸುಲಭ: ಪಾಟ್ 100 ಇದ್ದರೆ 100ರವರೆಗೆ ಕಟ್ಟಬಹುದು. ಹೊಸಬರು ಎಡವುವುದು ಏರಿಸುವಾಗ. ಪಾಟ್ 100, ಎದುರಾಳಿ 50 ಕಟ್ಟಿದ್ದಾನೆ ಎನ್ನಿ. ನೀವು ಮೊದಲು ಅವನ 50ಕ್ಕೆ ಸಮ ಹಾಕಿದಂತೆ ಎಣಿಸಬೇಕು. ಆಗ ಪಾಟ್ 200. ಅದರ ಮೇಲೆ 200 ಏರಿಸಬಹುದು. ನಿಮ್ಮ ಕೈಯಿಂದ ಹೋಗುವುದು ಒಟ್ಟು 250. ಮೇಜಿನಲ್ಲಿ ಇದಕ್ಕೊಂದು ಬಾಯಿಲೆಕ್ಕವಿದೆ: ಎದುರಾಳಿಯ ಪಣದ ಮೂರರಷ್ಟು, ಅದಕ್ಕೆ ಮೊದಲಿದ್ದ ಪಾಟ್ ಸೇರಿಸು. ಮೂರು ಐವತ್ತು ನೂರೈವತ್ತು, ನೂರು ಸೇರಿ ಇನ್ನೂರೈವತ್ತು. ಬ್ಲೈಂಡ್ 5 ಮತ್ತು 10 ಇರುವಲ್ಲಿ ಮೊದಲ ಆಟಗಾರ ಏರಿಸಬಹುದಾದ ಗರಿಷ್ಠವೂ ಹೀಗೇ ಬರುತ್ತದೆ: ಮೂರು ಹತ್ತು ಮೂವತ್ತು, ಐದು ಸೇರಿ 35. ಆಟಗಾರರು ಬರೀ ‘ಪಾಟ್’ ಎಂದರೆ ಸಾಕು, ಲೆಕ್ಕ ಹಾಕಿ ಹೇಳುವುದು ಡೀಲರ್‌ನ ಕೆಲಸ.

ಈ ಬಗೆಯಲ್ಲಿ ಮೊದಲಿಗೆ ಯಾರನ್ನೂ ಒಂದೇ ಏಟಿಗೆ ಮುಗಿಸಲಾಗದು. ಆದರೆ ಪಾಟ್ ಬೆಳೆಯುವ ವೇಗ ನೋಡಿ. ಇಬ್ಬರೇ ಆಡುತ್ತಿದ್ದಾರೆ, ಪಾಟ್ 10. ಒಬ್ಬ 10 ಕಟ್ಟಿದ, ಇನ್ನೊಬ್ಬ ಸಮ ಹಾಕಿದ: 30. ಮುಂದಿನ ಸುತ್ತಿನಲ್ಲಿ 30 ಕಟ್ಟಿದರೆ 90. ಕೊನೆಯ ಸುತ್ತಿನಲ್ಲಿ 90 ಕಟ್ಟಿದರೆ 270. ಮೂರು ಸುತ್ತಿನಲ್ಲಿ 27 ಪಟ್ಟು, ಅದೂ ಯಾರೂ ಒಮ್ಮೆಯೂ ಏರಿಸದೆ. ಆದ್ದರಿಂದ ಪಾಟ್ ಲಿಮಿಟ್ ಆಡುವವರು ಎರಡನೇ ಸುತ್ತಿನ ಸಣ್ಣ ಪಣ ನೋಡಿ ಕೊನೆಯ ಸುತ್ತಿನ ದೊಡ್ಡ ಪಣವನ್ನು ಮುಂಚೆಯೇ ಎಣಿಸಿಟ್ಟುಕೊಳ್ಳುತ್ತಾರೆ. ಹತ್ತು ಚಿಪ್‌ಗೆ ಹೂಂ ಎಂದವನು ತೊಂಬತ್ತು ಚಿಪ್‌ನ ಪ್ರಶ್ನೆಗೂ ಉತ್ತರ ಸಿದ್ಧ ಮಾಡಿಕೊಂಡಿರಬೇಕು.

ಇಂದು ಪಾಟ್ ಲಿಮಿಟ್ ಹೆಚ್ಚಾಗಿ ಒಮಾಹಾ ಎಂಬ ಆಟದ ಜೊತೆ ಅಂಟಿಕೊಂಡಿದೆ. ಅಲ್ಲಿ ಕೈಗೆ ನಾಲ್ಕು ಎಲೆ. ಅದರಲ್ಲಿ ಸರಿಯಾಗಿ ಎರಡನ್ನೇ, ಮೇಜಿನ ಐದರಲ್ಲಿ ಸರಿಯಾಗಿ ಮೂರನ್ನೇ ಬಳಸಬೇಕು. ನಾಲ್ಕು ಎಲೆಯಿಂದ ಆರು ಜೋಡಿ ಹೊರಡುವುದರಿಂದ ಎಲ್ಲರ ಕೈಯೂ ಏನೋ ಒಂದು ಆಸೆ ಹುಟ್ಟಿಸುತ್ತದೆ. ಹೋಲ್ಡೆಮ್‌ನಲ್ಲಿ ಎಕ್ಕದ ಜೋಡಿ ಹಿಡಿದವರು ಒಬ್ಬ ಎದುರಾಳಿಯ ಯಾವುದೋ ಎರಡು ಎಲೆಯ ವಿರುದ್ಧ ಸರಾಸರಿ ನೂರಕ್ಕೆ 85 ಸಲ ಗೆಲ್ಲುತ್ತಾರೆ. ಒಮಾಹಾದಲ್ಲಿ ಎಲೆ ಹಂಚಿದ ಹೊತ್ತಿಗೇ ಅಷ್ಟು ಅಂತರ ಕಾಣುವುದು ಅಪರೂಪ. ಹತ್ತಿರ ಹತ್ತಿರ ಸಮ ಇರುವ ಕೈಗಳ ನಡುವೆ ಮೊದಲ ಸುತ್ತಿನಲ್ಲೇ ಎಲ್ಲವನ್ನೂ ತಳ್ಳಲು ಬಿಟ್ಟರೆ ಉಳಿದ ಮೂರು ಸುತ್ತಿನ ಜಾಣ್ಮೆಗೆ ಕೆಲಸವೇ ಇರುವುದಿಲ್ಲ. ಪಾಟ್ ಲಿಮಿಟ್ ಆ ಆತುರವನ್ನು ತಡೆಯುತ್ತದೆ.

ಇಷ್ಟರಿಂದ ಇಷ್ಟರೊಳಗೆ

ನಾಲ್ಕನೆಯದು ಸ್ಪ್ರೆಡ್ ಲಿಮಿಟ್. ಕನಿಷ್ಠ ಇಷ್ಟು, ಗರಿಷ್ಠ ಇಷ್ಟು. ನಡುವೆ ಎಷ್ಟನ್ನಾದರೂ ಕಟ್ಟಿ. ಇದು ಹಲವೆಡೆ ಉಳಿದುಕೊಂಡದ್ದು ಆಟಗಾರರ ಇಷ್ಟಕ್ಕಿಂತ ಹೆಚ್ಚಾಗಿ ಸರ್ಕಾರದ ಕಟ್ಟಳೆಯಿಂದ. ಅಮೆರಿಕದ ಕೊಲರಾಡೊದಲ್ಲಿ ಸೆಂಟ್ರಲ್ ಸಿಟಿ, ಬ್ಲ್ಯಾಕ್ ಹಾಕ್, ಕ್ರಿಪಲ್ ಕ್ರೀಕ್ ಎಂಬ ಮೂರು ಹಳೆಯ ಚಿನ್ನದ ಗಣಿ ಊರುಗಳಿಗೆ ಜೀವ ತುಂಬಲೆಂದು 1990ರಲ್ಲಿ ಮತದಾರರು ಜೂಜಿಗೆ ಒಪ್ಪಿದರು. ಜೊತೆಗೆ ಒಂದು ಷರತ್ತು: ಒಂದು ಪಣ 5 ಡಾಲರ್ ಮೀರಬಾರದು. 1991ರಲ್ಲಿ ಆಟ ಶುರುವಾಯಿತು. 2008ರ ಜನಮತದ ನಂತರ 2009ರಲ್ಲಿ ಈ ಗಡಿ 100 ಡಾಲರ್ ಆಯಿತು. 2020ರ ಜನಮತ ಗಡಿ ತೀರ್ಮಾನಿಸುವ ಅಧಿಕಾರವನ್ನು ಆ ಊರುಗಳಿಗೇ ಕೊಟ್ಟಿತು. ಎಲೆಯ ನಿಯಮ ಒಂದೂ ಬದಲಾಗದೆ, ಒಂದು ಅಂಕಿ ಬದಲಾದಾಗಲೆಲ್ಲ ಅಲ್ಲಿನ ಪೋಕರ್ ಬೇರೆಯಾಯಿತು. 5 ಡಾಲರ್ ಕಾಲದಲ್ಲಿ ಅಲ್ಲಿ ಯಾರೂ ಯಾರನ್ನೂ ಹೆದರಿಸುವ ಸ್ಥಿತಿಯಲ್ಲಿರಲಿಲ್ಲ. 100 ಡಾಲರ್ ಕಟ್ಟಬಹುದು ಎಂದಾದಾಗ ಸಣ್ಣ ಮೇಜುಗಳಲ್ಲಿ ಆಟ ನೋ-ಲಿಮಿಟ್‌ನ ಹತ್ತಿರಕ್ಕೆ ಸರಿಯಿತು.

ನಮ್ಮ ಮೂರೆಲೆ, ಅಂದರೆ ತೀನ್ ಪತ್ತಿ, ಈ ಜಾತಿಗೇ ಹತ್ತಿರ. ಎಲೆ ನೋಡದೆ ಆಡುವವನು ಆಗಿನ ಪಣದಷ್ಟೋ ಅದರ ಎರಡರಷ್ಟರವರೆಗೋ ಹಾಕಬಹುದು. ನೋಡಿ ಆಡುವವನು ಕನಿಷ್ಠ ಎರಡರಷ್ಟು, ಗರಿಷ್ಠ ನಾಲ್ಕರಷ್ಟು. ಕತ್ತಲಲ್ಲಿ ಆಡುವವನಿಗೆ ಅರ್ಧ ಬೆಲೆ, ಕಂಡು ಆಡುವವನಿಗೆ ಪೂರ್ತಿ ಬೆಲೆ. ತಿಳಿವಳಿಕೆಗೆ ಹೀಗೆ ನೇರವಾಗಿ ತೆರಿಗೆ ಹಾಕುವ ವ್ಯವಸ್ಥೆ ಹೋಲ್ಡೆಮ್‌ನಲ್ಲಿಲ್ಲ. ಇನ್ನೊಂದು ವ್ಯತ್ಯಾಸವೂ ಇದೆ: ಪೋಕರ್‌ನಲ್ಲಿ ಎಲ್ಲರೂ ಸಮ ಕಟ್ಟಿದ ಕೂಡಲೇ ಸುತ್ತು ಮುಗಿಯುತ್ತದೆ. ತೀನ್ ಪತ್ತಿಯಲ್ಲಿ ಇಬ್ಬರೇ ಉಳಿದು ಒಬ್ಬರು ಶೋ ಕೇಳುವವರೆಗೆ, ಇಲ್ಲವೇ ಒಬ್ಬರ ಹೊರತು ಎಲ್ಲರೂ ಪ್ಯಾಕ್ ಆಗುವವರೆಗೆ ಪಣ ಸುತ್ತುತ್ತಲೇ ಇರುತ್ತದೆ. ಪ್ರತಿ ಪಣ ಚಿಕ್ಕದಾಗಿಯೇ ಇದ್ದು ಒಟ್ಟು ಮೊತ್ತ ಕೈಮೀರುವುದು ಹೀಗೆ.

ಯಾವುದು ಹೆಚ್ಚು ಜಾಣ್ಮೆಯದು?

ಈ ಪ್ರಶ್ನೆಗೆ ಕಂಪ್ಯೂಟರ್ ವಿಜ್ಞಾನಿಗಳು ಒಂದು ಬಗೆಯ ಉತ್ತರ ಕೊಟ್ಟಿದ್ದಾರೆ. 2015ರ ಜನವರಿಯಲ್ಲಿ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ಮೈಕೆಲ್ ಬೌಲಿಂಗ್ ಮತ್ತು ಸಂಗಡಿಗರು ಇಬ್ಬರ ಫಿಕ್ಸೆಡ್ ಲಿಮಿಟ್ ಹೋಲ್ಡೆಮ್ ಅನ್ನು ಬಿಡಿಸಿದ್ದೇವೆ ಎಂದು ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಅವರ ಸೆಫಿಯಸ್ ಎಂಬ ಪ್ರೋಗ್ರಾಂ ಆಡುವ ರೀತಿ ಎಷ್ಟು ಪಕ್ಕಾ ಎಂದರೆ, ಒಬ್ಬ ಮನುಷ್ಯ ಬದುಕಿಡೀ ಕೂತು ಆಡಿದರೂ ಅದರಲ್ಲಿ ಗೆಲ್ಲಬಹುದಾದ ಲೋಪವಿದೆ ಎಂದು ಖಚಿತವಾಗಿ ತೋರಿಸಲಾರ. ಆ ಆಟದಲ್ಲಿ ನಿರ್ಧಾರ ಮಾಡಬೇಕಾದ ಸಂದರ್ಭಗಳು ಒಂದರ ಮುಂದೆ 14 ಸೊನ್ನೆ ಇಟ್ಟಷ್ಟು. ಅದೇ ಇಬ್ಬರ ಆಟವನ್ನು ನೋ-ಲಿಮಿಟ್ ಮಾಡಿ, ಸಂಶೋಧಕರು ಬಳಸುವ ಚಿಪ್ ಅಳತೆಯಲ್ಲಿ ಎಣಿಸಿದರೆ ಸುಮಾರು 160 ಸೊನ್ನೆ. ಎಲೆ ಒಂದೂ ಹೆಚ್ಚಾಗಿಲ್ಲ. ‘ಎಷ್ಟು?’ ಎಂಬ ಒಂದು ಪ್ರಶ್ನೆ ಸೇರಿಕೊಂಡಿತು, ಅಷ್ಟೇ.

ಆ ಪ್ರಶ್ನೆಯನ್ನೂ ಯಂತ್ರ ಹೆಚ್ಚು ಕಾಲ ಬಿಡಲಿಲ್ಲ. 2017ರ ಜನವರಿಯಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ತೂಮಸ್ ಸ್ಯಾಂಡ್‌ಹೋಮ್ ಮತ್ತು ನೋಮ್ ಬ್ರೌನ್ ರೂಪಿಸಿದ ಲಿಬ್ರಾಟಸ್, 20 ದಿನ 1.2 ಲಕ್ಷ ಕೈ ಆಡಿ ನಾಲ್ವರು ವೃತ್ತಿಪರರನ್ನು 17.66 ಲಕ್ಷ ಡಾಲರ್ ಲೆಕ್ಕದ ಚಿಪ್‌ಗಳಿಂದ ಸೋಲಿಸಿತು. ಆದರೂ ಅದು ಆಟವನ್ನು ಬಿಡಿಸಿದ್ದಲ್ಲ, ಮನುಷ್ಯರಿಗಿಂತ ಚೆನ್ನಾಗಿ ಆಡಿದ್ದು ಮಾತ್ರ. ಆ ವೃತ್ತಿಪರರನ್ನು ಕಂಗೆಡಿಸಿದ ಸಂಗತಿಗಳಲ್ಲಿ ಒಂದು, ಪಾಟ್‌ನ ಹಲವು ಪಟ್ಟು ಪಣವನ್ನು ಯಂತ್ರ ಅಳುಕಿಲ್ಲದೆ ಕಟ್ಟುತ್ತಿದ್ದುದು. ಮನುಷ್ಯ ಅಷ್ಟು ದೊಡ್ಡ ಪಣ ಕಟ್ಟಲು ಹಿಂಜರಿಯುವುದು ಲೆಕ್ಕ ಬಾರದೆ ಮಾತ್ರವಲ್ಲ, ಭಯದಿಂದ ಕೂಡ.

ಹಾಗೆಂದು ನೋ-ಲಿಮಿಟ್‌ನಲ್ಲಿ ಜಾಣರೇ ಗೆಲ್ಲುತ್ತಾರೆ ಎಂದಲ್ಲ. ಒಂದು ತಪ್ಪಿಗೆ ತೆರಬೇಕಾದ ದಂಡ ಅಲ್ಲಿ ದೊಡ್ಡದು. ಒಂದು ದುರಾದೃಷ್ಟಕ್ಕೂ ಅಷ್ಟೇ. ಜೊತೆಗೆ, ಯಾವ ಬಗೆಯ ಪಣವಾದರೂ ಆಟ ನಡೆಸುವವರು ಪಾಟ್‌ನಿಂದಲೋ ಪ್ರವೇಶ ಶುಲ್ಕದಿಂದಲೋ ತಮ್ಮ ಪಾಲು ಎತ್ತಿಕೊಳ್ಳುತ್ತಾರೆ. ಸಮಬಲದ ಹತ್ತು ಜನ ವರ್ಷವಿಡೀ ಆಡಿದರೆ ಹತ್ತೂ ಜನ ಸೇರಿ ಸೋತಿರುತ್ತಾರೆ, ಗೆದ್ದವರು ಆಟ ನಡೆಸಿದವರು.

ಕಾನೂನಿನ ಕಣ್ಣು

ಭಾರತದ ನ್ಯಾಯಾಲಯಗಳು ಪೋಕರ್ ಎದುರು ಬಂದಾಗಲೆಲ್ಲ ಕೇಳಿದ ಪ್ರಶ್ನೆ ಒಂದೇ: ಇದು ಕೌಶಲವೋ, ಅದೃಷ್ಟವೋ? ಪಶ್ಚಿಮ ಬಂಗಾಳದ 1957ರ ಕಾಯ್ದೆ ಪೋಕರ್ ಅನ್ನು ಹೆಸರಿಸಿಯೇ ಜೂಜಿನಿಂದ ಹೊರಗಿಟ್ಟಿದೆ. ಕೌಶಲದ ಆಟವಾಗಿ ಆಡುವುದಾದರೆ ಪರವಾನಗಿ ಬೇಕಿಲ್ಲ ಎಂದು ಕರ್ನಾಟಕ ಹೈಕೋರ್ಟ್ 2013ರಲ್ಲಿ ಹೇಳಿತು. ಗುಜರಾತ್ ಹೈಕೋರ್ಟ್ 2017ರಲ್ಲಿ ಇದು ಜೂಜೇ ಎಂದಿತು. 2021ರಲ್ಲಿ ಕರ್ನಾಟಕ ಸರ್ಕಾರ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಕೌಶಲದವೂ ಸೇರಿದಂತೆ ನಿಷೇಧಿಸಿತು. 2022ರ ಫೆಬ್ರುವರಿ 14ರಂದು ಹೈಕೋರ್ಟ್ ಅದರ ಮುಖ್ಯ ಅಂಶಗಳನ್ನು ರದ್ದು ಮಾಡಿತು. ಈ ವಾದವಿವಾದದಲ್ಲೆಲ್ಲ ‘ಪೋಕರ್’ ಎಂಬುದು ಒಂದೇ ಆಟ ಎಂಬಂತೆ ಮಾತು ನಡೆದದ್ದೇ ಹೆಚ್ಚು. ಕೌಶಲದ ಪ್ರಮಾಣವೂ ಅಪಾಯದ ಪ್ರಮಾಣವೂ ಪಣದ ಬಗೆಯ ಜೊತೆ ಏರಿಳಿಯುತ್ತವೆ ಎಂಬುದಕ್ಕೆ ಅಷ್ಟು ಗಮನ ಸಿಗಲಿಲ್ಲ.

2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಈ ಹಳೆಯ ಪ್ರಶ್ನೆಯನ್ನೇ ಪಕ್ಕಕ್ಕಿಟ್ಟಿದೆ. ಆಟ ಕೌಶಲದ್ದಾಗಲಿ, ಅದೃಷ್ಟದ್ದಾಗಲಿ, ಎರಡೂ ಬೆರೆತದ್ದಾಗಲಿ, ಗೆಲ್ಲುವ ಆಸೆಯಿಂದ ಹಣ ಕಟ್ಟಿ ಆನ್‌ಲೈನ್ ಆಡಿಸುವುದು ನಿಷಿದ್ಧ. ಆಡಿಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ಇದನ್ನು ಪ್ರಶ್ನಿಸಿ ಕರ್ನಾಟಕ ಹೈಕೋರ್ಟ್‌ನಲ್ಲೂ ಬೇರೆಡೆಗಳಲ್ಲೂ ಸಲ್ಲಿಸಿದ ಅರ್ಜಿಗಳನ್ನು ಅದೇ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ತನ್ನ ಬಳಿಗೆ ವರ್ಗಾಯಿಸಿಕೊಂಡಿತು.

ಕಾಯ್ದೆ ಸರಿಯೋ ತಪ್ಪೋ ಎಂಬ ವಾದ ನ್ಯಾಯಾಲಯದಲ್ಲಿ ನಡೆಯಲಿ. ಅದು ನೋಡಿದ ಜಾಗ ಮಾತ್ರ ಸರಿಯಾಗಿದೆ: ಎಲೆಯಿಂದ ಪಣದ ಕಡೆಗೆ. ಆದರೆ ಪಣ ಇದೆಯೋ ಇಲ್ಲವೋ ಎಂದು ಕೇಳಿ ಅಲ್ಲಿಗೇ ನಿಂತರೆ ಅರ್ಧ ಕೇಳಿದಂತೆ. ಒಂದು ಸಲಕ್ಕೆ ಎಷ್ಟು, ಒಂದು ಸುತ್ತಿಗೆ ಎಷ್ಟು ಸಲ, ಮೇಜಿನ ಹೊರಗಿನಿಂದ ಏನನ್ನು ತರಬಹುದು, ಏನನ್ನು ತರಬಾರದು: ಈ ಮೂರೂ ಕೇಳಬೇಕಾದ ಪ್ರಶ್ನೆಗಳು, ಮೊದಲನೆಯದಕ್ಕೆ ಕೊಲರಾಡೊದ ಮತದಾರರು 1990ರಲ್ಲೇ ಉತ್ತರ ಕೊಟ್ಟಿದ್ದರು. ನಾಳೆ ನಮ್ಮಲ್ಲಿ ನಿಷೇಧ ಉಳಿದರೂ ಸಡಿಲವಾದರೂ, ಜನರನ್ನು ಕಾಯಬೇಕೆನ್ನುವವರು ಈ ಮೂರಕ್ಕೆ ಉತ್ತರ ಕೊಡಲೇಬೇಕು. ಅದುವರೆಗೆ, ಮುಂದೆ ಎಲೆ ಬಿದ್ದಾಗ ಎತ್ತಿಕೊಳ್ಳುವ ಮೊದಲು ಇದೇ ಮೂರನ್ನು ಕೇಳಿಕೊಳ್ಳುವುದು ಆಡುವವರ ಕೆಲಸ.